ಬರಿ ಪಾತ್ರೆ

ನಮ್ಮ ಕಡೆ ಕೊಟ್ಟ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕೊಡುವುದಿಲ್ಲ. ತೊಳೆದು ಒರೆಸಿ, ಒಂದು ಹಿಡಿ ಸಕ್ಕರೆಯನ್ನೋ ಎರಡು ಬಾಳೆಹಣ್ಣನ್ನೋ ಹಾಕಿ ಕೊಡುತ್ತಾರೆ. ಏನೂ ಇಲ್ಲದ ದಿನ ನಾಲ್ಕು ಕಾಳು ಅಕ್ಕಿಯಾದರೂ ಆದೀತು. ಕ್ರಿಸ್ಮಸ್ ಮುಗಿದ ಮೇಲಿನ ಎರಡು ಮೂರು ವಾರ ಕಾಮಗೆರೆಯಲ್ಲಿ ಪಾತ್ರೆಗಳು ಹೀಗೆ ಮನೆಗೆ ಮರಳುವ ಕಾಲ. ಡಿಸೆಂಬರ್ 25ರ ಬೆಳಿಗ್ಗೆ ಕಜ್ಜಾಯ, ಕರ್ಜಿಕಾಯಿ, ರವೆಉಂಡೆ ತುಂಬಿಕೊಂಡು, ಮೇಲೊಂದು ಬಟ್ಟೆ ಹೊದ್ದು ಹೊರಟ ಡಬರಿ ಸಂಕ್ರಾಂತಿಯ ಹೊತ್ತಿಗೆ ಎಳ್ಳುಬೆಲ್ಲ ಹೊತ್ತು ಬರುವುದೂ ಉಂಟು. ಜೊತೆಗೆ ಚಕ್ಕುಲಿ ಇರುತ್ತದೆ. ಕೆಲವು ಮನೆಗಳಲ್ಲಿ ಅದು ಮುರುಕು. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ತಾಲ್ಲೂಕು ಇದು. ಒಂದೇ ಬಾಣಲೆಯ ತಿಂಡಿಗೆ ಎರಡು ಹೆಸರಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಬಸ್ಸಿನಲ್ಲಿ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವವರಿಗೆ ಕಾಮಗೆರೆ ಎಂದರೆ ಹೋಲಿ ಕ್ರಾಸ್ ಆಸ್ಪತ್ರೆ ಇರುವ ಊರು, ಅಷ್ಟೆ. ನನಗೆ ಅದು ಅಜ್ಜಿಯ ಊರು. ಸಂಶೋಧನೆಗೆಂದು ದಾನದ ಬಗ್ಗೆ ದಪ್ಪ ದಪ್ಪ ಪುಸ್ತಕಗಳನ್ನು ಓದುತ್ತಿರುವ ಈ ವರ್ಷಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಅಡುಗೆಮನೆಯೇ. ಫ್ರಾನ್ಸಿನ ಮಾನವಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಉಡುಗೊರೆಯ ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಮೂರು ಕಟ್ಟುಪಾಡುಗಳನ್ನು ಗುರುತಿಸುತ್ತಾನೆ: ಕೊಡಬೇಕು, ತೆಗೆದುಕೊಳ್ಳಬೇಕು, ಹಿಂದಿರುಗಿಸಬೇಕು. ಪುಸ್ತಕದ ಚರ್ಚೆಗಳೆಲ್ಲ ಹೆಚ್ಚಾಗಿ ಮೂರನೆಯದರ ಸುತ್ತ ಸುತ್ತುತ್ತವೆ. ನನಗೆ ಕಷ್ಟ ಅನ್ನಿಸಿರುವುದು ನಡುವಿನದು.

ಮೊದಲು ಮೂರನೆಯದನ್ನೇ ನೋಡೋಣ, ಏಕೆಂದರೆ ಕ್ರೈಸ್ತರಿಗೆ ಅಲ್ಲೊಂದು ಇಕ್ಕಟ್ಟಿದೆ. ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು, ಔತಣ ಮಾಡಿದರೆ ನೆಂಟರನ್ನೂ ಸ್ಥಿತಿವಂತ ನೆರೆಯವರನ್ನೂ ಕರೆಯಬೇಡ, ಅವರು ತಿರುಗಿ ಕರೆದು ಲೆಕ್ಕ ಚುಕ್ತಾ ಮಾಡಿಬಿಟ್ಟಾರು. ತಿರುಗಿ ಕೊಡಲಾಗದವರನ್ನು ಕರೆ ಎನ್ನುತ್ತಾನೆ. ಈ ಭಾಗದ ಮೇಲಿನ ಪ್ರಸಂಗವನ್ನು ಚರ್ಚಿನಲ್ಲಿ ಕೇಳಿದಾಗಲೆಲ್ಲ ನನಗೆ ಅಜ್ಜಿಯ ಡಬರಿಗಳೇ ಕಣ್ಣಮುಂದೆ ಬರುತ್ತವೆ. ಅವು ಹೋಗುತ್ತಿದ್ದುದು ನೆರೆಮನೆಗಳಿಗೆ, ಬರುತ್ತಿದ್ದುದು ತುಂಬಿಕೊಂಡು. ಹಾಗಾದರೆ ಅದು ಔದಾರ್ಯವಲ್ಲವೇ, ಬರೀ ವ್ಯವಹಾರವೇ?

ವ್ಯವಹಾರವಲ್ಲ ಎಂದು ನಾನು ವಾದಿಸುತ್ತೇನೆ. ವ್ಯವಹಾರವಾಗಿದ್ದರೆ ಕಜ್ಜಾಯ ಕೊಟ್ಟ ಕೂಡಲೇ ಅಷ್ಟೇ ಕಜ್ಜಾಯ ತಿರುಗಿ ಬರಬೇಕಿತ್ತು. ಹಾಗೆ ಯಾರಾದರೂ ಮಾಡಿದರೆ ಅದು ಮುಖಕ್ಕೆ ಹೊಡೆದಂತೆ, ‘ನಿನ್ನ ಹಂಗು ಬೇಡ’ ಎಂದಂತೆ. ತಿರುಗಿ ಬರುವುದು ತಡವಾಗಿ ಬರಬೇಕು, ಬೇರೆಯದೇ ಆಗಿ ಬರಬೇಕು. ನಡುವಿನ ಆ ವಾರಗಳಲ್ಲಿ ಎರಡು ಮನೆಗಳು ಒಂದಕ್ಕೊಂದು ಸ್ವಲ್ಪ ಋಣಿಯಾಗಿರುತ್ತವೆ. ಆ ಹಿಡಿ ಸಕ್ಕರೆ ಕಜ್ಜಾಯದ ಬೆಲೆಯಲ್ಲ. ‘ನೀವು ಕೊಟ್ಟಿದ್ದನ್ನು ನಾವು ತಿಂದೆವು’ ಎಂಬುದಕ್ಕೆ ಅದು ರಸೀದಿ.

ತಿಂದೆವು ಎಂಬ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಅಜ್ಜಿಯ ಅಡುಗೆಮನೆಯಲ್ಲಿ ಹಬ್ಬದ ದಿನ ಎರಡು ಸಾಲುಗಳಿರುತ್ತಿದ್ದವು. ಒಂದು ಸಾಲಿನ ಡಬರಿಗಳಲ್ಲಿ ಎಣ್ಣೆಯಲ್ಲಿ ಕರಿದ ತಿಂಡಿ. ಇನ್ನೊಂದು ಸಾಲಿನ ತಟ್ಟೆಗಳಲ್ಲಿ ಬಾಳೆಹಣ್ಣು, ಕಲ್ಲುಸಕ್ಕರೆ, ಎಲೆ ಅಡಿಕೆ. ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದೆ, ಇವರಿಗೆ ಯಾಕೆ ಕಜ್ಜಾಯ ಇಲ್ಲ ಅಂತ. “ಅವ್ರು ನಮ್ಮನೇದು ತಿನ್ನಲ್ಲ ಕಣ್ ಮಗಾ” ಅಂದಿದ್ದಳು, ಅವರಿಗೆ ಹಲ್ಲುನೋವು ಎನ್ನುವಷ್ಟು ಸಲೀಸಾಗಿ. ಬೇಯಿಸದ್ದು ಎಲ್ಲ ಬೀದಿಗೂ ಹೋಗುತ್ತದೆ, ಬೇಯಿಸಿದ್ದು ಹೋಗುವುದಿಲ್ಲ. ಇದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಯುಗಾದಿಗೆ ಆ ಮನೆಗಳಿಂದ ಒಬ್ಬಟ್ಟು ಮಾತ್ರ ಬರುತ್ತಿತ್ತು, ತುಪ್ಪದ ಸಮೇತ, ನಗುನಗುತ್ತ. ಅವರು ಜಿಪುಣರಲ್ಲ, ಕೆಟ್ಟವರೂ ಅಲ್ಲ, ಕೊಡುವುದರಲ್ಲಿ ಧಾರಾಳಿಗಳು. ಅವರ ಒಬ್ಬಟ್ಟು ನಮ್ಮ ಮನೆಗೆ ಬರುತ್ತಿತ್ತು, ನಮ್ಮ ಕಜ್ಜಾಯ ಅವರ ಮನೆಗೆ ಹೋಗುತ್ತಿರಲಿಲ್ಲ.

ಇಲ್ಲಿಂದಲೇ ನನಗೆ ಅನುಮಾನ ಶುರುವಾದದ್ದು. ಧಾರಾಳತನವನ್ನು ನಾವು ಯಾವಾಗಲೂ ಕೊಡುವ ಕೈಯಲ್ಲಿ ಅಳೆಯುತ್ತೇವೆ. ಕೊಡುವ ಕೈ ಮೇಲಿರುತ್ತದೆ, ಇಸಿದುಕೊಳ್ಳುವ ಕೈ ಕೆಳಗಿರುತ್ತದೆ. ಮೇಲಿನ ಕೈಗೆ ಕೊಡುವುದು ಸುಲಭ, ಅದಕ್ಕೆ ಅಭ್ಯಾಸವಿದೆ. ಒಮ್ಮೆ ಕೆಳಗೆ ಬಂದು ಅಂಗೈ ಚಾಚು ಎಂದರೆ ಆಗ ಗೊತ್ತಾಗುತ್ತದೆ.

ಯೋವಾನ್ನನ ಸುವಾರ್ತೆಯ 4ನೇ ಅಧ್ಯಾಯದ ಕಥೆಯನ್ನು ನಮ್ಮ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಡೆದು ದಣಿದ ಯೇಸು ಮಧ್ಯಾಹ್ನದ ಬಿಸಿಲಲ್ಲಿ ಸಮಾರಿಯದ ಬಾವಿಕಟ್ಟೆಯ ಮೇಲೆ ಕೂತಿದ್ದಾನೆ. ಬಾವಿ ಆಳ, ಅವನ ಬಳಿ ಸೇದಲು ಏನೂ ಇಲ್ಲ. ನೀರಿಗೆ ಬಂದ ಹೆಂಗಸಿನ ಹತ್ತಿರ ಕುಡಿಯಲು ಕೇಳುತ್ತಾನೆ. ಅವಳಿಗೆ ದಿಗಿಲು: ಯೆಹೂದ್ಯನಾದವನು ನನ್ನ ಕೈಯ ನೀರು ಕೇಳುವುದೆಂದರೇನು? ಎರಡು ಜನಾಂಗಗಳ ನಡುವೆ ಬಳಕೆ ಇರಲಿಲ್ಲ. ಬಾವಿ, ಬಿಂದಿಗೆ, ಮುಟ್ಟು, ನೀರು – ಈ ಕಥೆ ಸಮಾರಿಯದಲ್ಲಿ ನಡೆದರೂ ಒಂದೇ, ಕೊಳ್ಳೇಗಾಲದ ಪಕ್ಕದಲ್ಲಿ ನಡೆದರೂ ಒಂದೇ. ಮುಂದೆ ಅವನು ಅವಳಿಗೆ ಜೀವಜಲದ ಮಾತಾಡುತ್ತಾನೆ, ಪ್ರಸಂಗಗಳೆಲ್ಲ ಆ ಭಾಗಕ್ಕೇ ಓಡುತ್ತವೆ. ಆದರೆ ಅವನು ಶುರು ಮಾಡಿದ್ದು ಕೊಡುವುದರಿಂದಲ್ಲ, ಕೇಳುವುದರಿಂದ. ಅವಳ ಬಿಂದಿಗೆಯ ನೀರು ತನಗೆ ಬೇಕು ಎಂದು ಒಪ್ಪಿಕೊಳ್ಳುವುದರಿಂದ.

ಈ ವಿಷಯದಲ್ಲಿ ನಮ್ಮ ಸುತ್ತಲಿನ ಪರಂಪರೆಗಳಿಗೆ ನಮಗಿಂತ ಹೆಚ್ಚು ತಿಳಿವಳಿಕೆ ಇದೆ ಎಂದು ನನ್ನ ಅಭಿಪ್ರಾಯ. ಮಾದಪ್ಪನ ಗುಡ್ಡನಾದವನು, ಮನೆಯಲ್ಲಿ ಅನ್ನಕ್ಕೆ ಕೊರತೆ ಇಲ್ಲದಿದ್ದರೂ, ಭಿಕ್ಷೆ ಬೇಡಬೇಕು. ಅದು ಅವನ ವ್ರತದ ಭಾಗ. ಮಂಟೇಸ್ವಾಮಿ ಕಾವ್ಯದಲ್ಲಿ ಗುರು ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ, ಅಲ್ಲಿ ಅವನು ಪಡುವ ಪಾಡನ್ನೇ ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಆ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆ ನಮ್ಮ ಕ್ರಿಸ್ಮಸ್ ಮುಗಿದ ಕೆಲವೇ ದಿನಗಳಲ್ಲಿ, ಪುಷ್ಯದ ಹುಣ್ಣಿಮೆಗೆ ಶುರುವಾಗುತ್ತದೆ. ಅಲ್ಲಿನ ಪಂಕ್ತಿ ಸೇವೆಯಲ್ಲಿ ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುತ್ತಾರೆ. ಸೇವೆ ಎಂಬ ಮಾತು ಅಲ್ಲಿ ಬಡಿಸುವವನಿಗಷ್ಟೇ ಸೇರಿದ್ದಲ್ಲ. ಕೂತು ಉಣ್ಣುವುದೂ ಸೇವೆಯೇ.

ಈಚೆಗೆ ಕಾಮಗೆರೆಯಲ್ಲೂ ಕೇಕ್ ಬಂದಿದೆ. ಬೇಕರಿಯ ರಟ್ಟಿನ ಪೆಟ್ಟಿಗೆ, ಮೇಲೆ ಕೆಂಪು ರಿಬ್ಬನ್. ಅದು ಎರಡನೆಯ ಸಾಲಿನ ಮನೆಗಳಿಗೂ ಸಲೀಸಾಗಿ ಹೋಗುತ್ತದೆ, ಏಕೆಂದರೆ ಅದನ್ನು ನಾವು ಬೇಯಿಸಿದ್ದಲ್ಲ. ಇದು ಪ್ರಗತಿಯೋ ಅಲ್ಲವೋ ಎಂದು ಅತ್ತೆಯ ಜೊತೆ ನಾನು ಜಗಳವಾಡಿದ್ದೇನೆ. ಅತ್ತೆ ಪ್ರಗತಿ ಅನ್ನುತ್ತಾಳೆ: “ತಗತಾರಲ್ಲ, ಅಷ್ಟ್ ಸಾಕು ಬುಡು.” ನನಗೆ ಪೂರ್ತಿ ಒಪ್ಪಿಗೆಯಿಲ್ಲ. ತೆಗೆದುಕೊಂಡದ್ದು ಬೇಕರಿಯವನ ಕೈಯ ರುಚಿಯನ್ನು, ಅತ್ತೆಯ ಕೈಯದನ್ನಲ್ಲ. ಮತ್ತೆ ರಟ್ಟಿನ ಪೆಟ್ಟಿಗೆಯನ್ನು ಯಾರೂ ತೊಳೆದು ಸಕ್ಕರೆ ಹಾಕಿ ಹಿಂದಿರುಗಿಸುವುದಿಲ್ಲ.

ಆದರೆ ಬೇರೆಯವರ ಹೊಸಿಲ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಹೊಸಿಲನ್ನೂ ನೋಡಬೇಕಲ್ಲ. ಆಗಮನ ಕಾಲ ಬಂತೆಂದರೆ ಚರ್ಚುಗಳಲ್ಲಿ ಬಡವರಿಗಾಗಿ ಸಂಗ್ರಹ ನಡೆಯುತ್ತದೆ. ಅಕ್ಕಿ, ಸೀರೆ, ಕಂಬಳಿ. ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತದೆ. ಕೆಲವು ಕಡೆ ಅದು ವೇದಿಕೆ ಏರುತ್ತದೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಫೋಟೋ ತೆಗೆಯುತ್ತಾರೆ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದೆಂಬ ಮತ್ತಾಯನ ಮಾತು ಎಲ್ಲರಿಗೂ ಬಾಯಿಪಾಠ. ಆ ದಿನ ಅದು ಎಡಗೈಗೆ ಮಾತ್ರವಲ್ಲ, ವಾಟ್ಸಾಪ್ ಗುಂಪಿಗೂ ತಿಳಿಯುತ್ತದೆ. ಈ ಟೀಕೆ ಹಳೆಯದು, ಸುಲಭವಾದದ್ದು ಕೂಡ. ಫೋಟೋ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆಯೇ ಎಂಬುದು ನನ್ನ ಪ್ರಶ್ನೆ.

1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಜಾನಾಮ್ ಗೆಳೆಯರೊಂದಿಗೆ ಶುರುಮಾಡಿದ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯ ಶಾಖೆಗಳು ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿವೆ. ಅವರ ಕೂಟದಲ್ಲಿ ಒಂದು ಗುಪ್ತ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಮುಷ್ಟಿ ಒಳಗೆ ಹಾಕಿ ಹೊರಗೆ ತೆಗೆಯಬೇಕು, ಯಾರು ಎಷ್ಟು ಹಾಕಿದರೆಂದು ಪಕ್ಕದವರಿಗೂ ತಿಳಿಯದು. ನೂರು ಹಾಕಿದವನೂ ಏನೂ ಹಾಕಲಾಗದವನೂ ಒಂದೇ ಥರ ಕೈ ತೆಗೆಯುತ್ತಾರೆ. ಬಹಳ ಚೆಂದದ ಏರ್ಪಾಡು. ಆದರೆ ಗುಟ್ಟು ಕಾಯುವುದು ಕೊಡುವವರ ಅಹಂಕಾರವನ್ನು, ಇಸಿದುಕೊಳ್ಳುವವರ ಮಾನವನ್ನು. ಇಸಿದುಕೊಳ್ಳುವವರಿಂದ ನಾವು ಏನನ್ನಾದರೂ ಇಸಿದುಕೊಳ್ಳುತ್ತೇವೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಸಭೆಯವರು ಬಡವರನ್ನು ಕಾಣಲು ಮನೆಗೇ ಹೋಗಬೇಕೆಂಬುದು ಓಜಾನಾಮನ ಕಾಲದಿಂದ ಬಂದ ಪದ್ಧತಿ. ಉತ್ತರ ಅಲ್ಲಿದೆ ಅನ್ನಿಸುತ್ತದೆ: ಹೋದ ಮನೆಯಲ್ಲಿ ಕೊಟ್ಟ ಕಾಫಿಯನ್ನು ‘ಬೇಡಿ, ಯಾಕೆ ತೊಂದರೆ’ ಎನ್ನದೆ ಕುಡಿಯುವುದರಲ್ಲಿ. ನಮ್ಮ ಬೇಡ ಎನ್ನುವ ಕರುಣೆಗೂ ಆ ಎರಡನೆಯ ಸಾಲಿನ ಮನೆಗಳ ಮಡಿಗೂ ಕಾರಣ ಬೇರೆ ಬೇರೆ ಇರಬಹುದು. ಕಾಫಿ ಕಾಸಿದ ಹೆಂಗಸಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಪಕ್ಕದ ಒಂದು ಊರಿನಲ್ಲಿ ನಡೆದದ್ದನ್ನು ನನ್ನ ಚಿಕ್ಕಪ್ಪನ ಮಗ ಹೇಳಿದ. ಅವನು ಕ್ಯಾರಲ್ಸ್ ತಂಡದಲ್ಲಿದ್ದಾನೆ. ಡಿಸೆಂಬರಿನ ರಾತ್ರಿಗಳಲ್ಲಿ ತಮಟೆ, ಗಿಟಾರು, ಹತ್ತಿಗಡ್ಡದ ಕ್ರಿಸ್ಮಸ್ ತಾತ, ಕಾಣಿಕೆ ಡಬ್ಬಿ – ಹೀಗೆ ಮನೆಮನೆಗೆ ಹೋಗುತ್ತಾರೆ. ಆ ವರ್ಷ ಹಿರಿಯರೊಬ್ಬರು ಕೆಲವು ಮನೆಗಳನ್ನು ಬಿಡಲು ಹೇಳಿದ್ದರಂತೆ. ಚರ್ಚಿನಿಂದ ಅಕ್ಕಿ ಪಡೆಯುವ ಮನೆಗಳು ಅವು, ಅವರ ಮುಂದೆ ಡಬ್ಬಿ ಹಿಡಿಯುವುದು ತಪ್ಪು ಎಂದು. ಹೇಳಿದ್ದು ಕನಿಕರದಿಂದಲೇ. ತಂಡ ಆ ಬೀದಿಯ ತುದಿಯ ಒಂದು ಮನೆಯ ಮುಂದೆ ಹಾಡದೆ ಹಾದುಹೋಯಿತು. ಒಳಗಿದ್ದ ಮುದುಕಿ ಒಬ್ಬಂಟಿ, ಗಂಡ ತೀರಿ ವರ್ಷಗಳಾಗಿವೆ. ತಮಟೆ ಸದ್ದು ದೂರವಾಗುವುದು ಕೇಳಿ ಕೋಲೂರಿಕೊಂಡು ಹಿಂದೆಯೇ ಬಂದಿದ್ದಾಳೆ. ಮುಂದಿನ ಮನೆಯ ಅಂಗಳದಲ್ಲಿ ಎಲ್ಲರ ಮುಂದೆ ಕೇಳಿದ್ದಾಳೆ: “ನನ್ನ ಮನೇಗ್ ಯಾಕ್ರಪ್ಪಾ ಬರ್ನಿಲ್ಲ? ನಾನೇನ್ ಸತ್ತೋಗಿದ್ನ?”

ಯಾರಿಗೂ ಉತ್ತರ ತೋಚಲಿಲ್ಲವಂತೆ. ಹುಡುಗರು ವಾಪಸ್ಸು ಅವಳ ಮನೆಗೆ ಹೋದರು, ಅಲ್ಲಿ ಎರಡು ಹಾಡು ಹಾಡಿದರು. ಅವಳು ಸೆರಗಿನ ಗಂಟು ಬಿಚ್ಚಿ, ಮಡಿಸಿ ಮಡಿಸಿ ಸಣ್ಣದಾಗಿದ್ದ ಹತ್ತು ರೂಪಾಯಿ ನೋಟನ್ನು ಡಬ್ಬಿಯ ಸೀಳಿನಲ್ಲಿ ತುರುಕಿದಳು. ಆಮೇಲೆ ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಹುರಿಗಡಲೆ ಬೆಲ್ಲ ತಂದು ಎಲ್ಲರ ಕೈಗೂ ಹಾಕಿ, ಅವರು ತಿನ್ನುವವರೆಗೂ ನಿಂತು ನೋಡುತ್ತಿದ್ದಳಂತೆ.