ಕಾದದ್ದಕ್ಕೂ ಕಂದಾಯ

ನಮ್ಮ ಕೇರಿಯ ಮನೆಗಳಲ್ಲಿ ದೇವರ ಗೂಡು ಇರಲಿ ಬಿಡಲಿ, ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಅದರಲ್ಲಿ ಬಂಗಾರವಿಲ್ಲ. ರಶೀದಿಗಳಿವೆ. ಅರ್ಜಿ ಕೊಟ್ಟದ್ದಕ್ಕೆ ರಶೀದಿ, ದಂಡ ಕಟ್ಟಿದ್ದಕ್ಕೆ ರಶೀದಿ, ಪಹಣಿ ತೆಗೆಸಿದ್ದಕ್ಕೆ ರಶೀದಿ, ನಕಲು ಪಡೆದದ್ದಕ್ಕೆ ರಶೀದಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದಾರ ಕಟ್ಟಿ ಇಟ್ಟಿರುತ್ತೇವೆ. ಮಳೆಗೆ ಸೂರು ಸೋರಿದರೆ ಮೊದಲು ಎತ್ತಿಡುವುದು ಆ ಟ್ರಂಕನ್ನೇ. ಇಷ್ಟೆಲ್ಲ ದುಡ್ಡು ಕಟ್ಟಿದ್ದು ಯಾತಕ್ಕೆ? ಭೂಮಿ ಸಿಕ್ಕಿದ್ದಕ್ಕಲ್ಲ. ಭೂಮಿ ಸಿಗುತ್ತದೆಂದು ಕಾದದ್ದಕ್ಕೆ.

ಕಾಯಿಸುವವನು ಕಾಯುವವನ ಕೈಯಿಂದಲೇ ಹಣ ಪಡೆಯುವುದು ನ್ಯಾಯವೇ? ನ್ಯಾಯವಲ್ಲ ಎಂದಾದರೆ ನಾವು ಯಾಕೆ ಕಟ್ಟುತ್ತಿದ್ದೇವೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಎತ್ತುತ್ತಿದ್ದೇವೆ. ಎರಡನೆಯದು ನಮ್ಮನ್ನೇ ಕೇಳಿಕೊಳ್ಳುವ ಪ್ರಶ್ನೆ, ಆದ್ದರಿಂದ ಅದೇ ಕಷ್ಟದ್ದು.

ಇದು ನಮ್ಮ ತಲೆಯಲ್ಲಿ ಮತ್ತೆ ಹೊಕ್ಕಿದ್ದು ದೂರದೇಶದ ಒಂದು ಸುದ್ದಿಯಿಂದ. 2025ರ ಜುಲೈ 4, ಅಮೆರಿಕೆಯ ಸ್ವಾತಂತ್ರ್ಯದ ದಿನ. ಅವತ್ತು ಅಲ್ಲಿನ ಅಧ್ಯಕ್ಷರು ಒಂದು ಕಾನೂನಿಗೆ ಸಹಿ ಹಾಕಿದರು. ಪ್ರಾಣಭಯದಿಂದ ಸ್ವಂತ ದೇಶ ಬಿಟ್ಟು ಬಂದು ‘ನನಗೆ ಆಶ್ರಯ ಕೊಡಿ’ ಎಂದು ಅರ್ಜಿ ಹಾಕುವವನು 100 ಡಾಲರ್ ಕಟ್ಟಬೇಕು ಎಂದಿತು ಆ ಕಾನೂನು. ಅದಕ್ಕೆ ಮುಂಚೆ ಅಲ್ಲಿ ಆಶ್ರಯದ ಅರ್ಜಿಗೆ ಶುಲ್ಕವೇ ಇರಲಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ಅರ್ಜಿ ಇತ್ಯರ್ಥವಾಗದೆ ಬಿದ್ದಿರುವ ಪ್ರತಿಯೊಂದು ವರ್ಷಕ್ಕೂ ಮತ್ತೆ 100 ಡಾಲರ್ ಎಂದಿತು. ನಮ್ಮ ಲೆಕ್ಕದಲ್ಲಿ ಎಂಟು ಸಾವಿರ ರೂಪಾಯಿಗೂ ಮೇಲೆ. ಬಡವನೆಂದು ವಿನಾಯಿತಿ ಇಲ್ಲ. ಕೆಲಸ ಮಾಡುವ ಪರವಾನಗಿಗೆ ಮೊದಲ ಸಲ 550 ಡಾಲರ್ ಎಂದಿತು. ಆ ಪರವಾನಗಿಯಾದರೂ ಅರ್ಜಿ ಹಾಕಿದ ಮಾರನೇ ದಿನ ಸಿಗುವುದಲ್ಲ, ತಿಂಗಳುಗಟ್ಟಲೆ ಕಾಯಬೇಕು. ಅಂದರೆ ದುಡಿಯಬೇಡ ಅನ್ನುವವನೂ ಅವನೇ, ದುಡ್ಡು ಕಟ್ಟು ಅನ್ನುವವನೂ ಅವನೇ. ಅಲ್ಲಿ ಬಾಕಿ ಬಿದ್ದಿರುವ ಅರ್ಜಿಗಳು ಹತ್ತು ಲಕ್ಷಕ್ಕೂ ಹೆಚ್ಚು. ಈ ಶುಲ್ಕದ ಜಾರಿಯನ್ನು ಪ್ರಶ್ನಿಸಿ ಅರ್ಜಿದಾರರ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು.

ಜಗಳೂರಿನ ಬರದ ಹೊಲದಲ್ಲಿ ನಿಂತವರಿಗೆ ಅಮೆರಿಕೆಯ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಆಶ್ರಯ ಅನ್ನುವ ಮಾತು ನಮಗೆ ಹೊಸದಲ್ಲ ಸ್ವಾಮಿ. 1990ರ ದಶಕದಿಂದ ನಮ್ಮ ಹಳ್ಳಿಗಳಲ್ಲಿ ‘ಆಶ್ರಯ’ ಅಂದರೆ ಸರ್ಕಾರ ಕೊಡುವ ಮನೆ. ‘ನಿಂಗೆ ಆಶ್ರಯ ಬಂತೇನೋ?’ ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಅಲ್ಲಿ ದೇಶವಿಲ್ಲದವನು ಕೇಳುತ್ತಾನೆ. ಇಲ್ಲಿ ದೇಶವಿದ್ದೂ ನೆಲವಿಲ್ಲದವನು ಕೇಳುತ್ತಾನೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಅವನ ಅರ್ಜಿ ಬಿದ್ದುಹೋದರೆ ಜೀವವೇ ಹೋಗಬಹುದು. ಆದರೆ ಕಾಯಿಸುವ ಕೈ ಎರಡು ಕಡೆಯೂ ಒಂದೇ ರೀತಿ ಚಾಚಿಕೊಂಡಿದೆ.

ಇನ್ನು ನಮ್ಮ ಕಡೆಗೆ ಬರೋಣ. ನಾವು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಬಗರ್‌ಹುಕುಂ ಜನ. ಬಗರ್‌ಹುಕುಂ ಅಂದರೆ ಹುಕುಂ ಇಲ್ಲದೆ. ಗೋಮಾಳದಲ್ಲೋ ಬೀಳು ನೆಲದಲ್ಲೋ ಕಲ್ಲು ಆರಿಸಿ, ಜಾಲಿ ಕಡಿದು, ಒಂದೆರಡು ಎಕರೆ ಉತ್ತು ಬಿತ್ತಿದವರು. ಹಳ್ಳಿಯ ಒಳ್ಳೆಯ ನೆಲವೆಲ್ಲ ಯಾರ ಹುಕುಂನಿಂದ ಯಾರ ಪಾಲಾಯಿತೋ ಅದನ್ನು ಯಾರೂ ಕೇಳಲಿಲ್ಲ. ಅಡಿಕೆ ತೋಟದ ಬೇಲಿ ವರ್ಷಕ್ಕೊಂದು ಮಾರು ಗೋಮಾಳದ ಕಡೆ ಸರಿದರೆ ಅದು ತೋಟದ ಬೆಳವಣಿಗೆ. ನಾವು ಮುಳ್ಳು ಕಡಿದರೆ ಒತ್ತುವರಿ.

ಈ ಸಾಗುವಳಿಯನ್ನು ಸಕ್ರಮ ಮಾಡುತ್ತೇವೆಂದು ಸರ್ಕಾರ 1964ರ ಭೂಕಂದಾಯ ಕಾಯಿದೆಗೆ ತಿದ್ದುಪಡಿ ತಂದಿತು. 1990ರ ಏಪ್ರಿಲ್ 14ಕ್ಕೆ ಮುಂಚೆ ಸಾಗುವಳಿಯಲ್ಲಿದ್ದವರು ಅರ್ಜಿ ಹಾಕಬಹುದು ಎಂದಿತು. ಬಾಬಾಸಾಹೇಬರು ಹುಟ್ಟಿದ ದಿನವನ್ನೇ ಗೆರೆಯಾಗಿ ಎಳೆದರಲ್ಲಾ ಎಂದು ಸಂತೋಷಪಟ್ಟೆವು. 1991ರಲ್ಲಿ ನಮೂನೆ 50 ಬರೆದುಕೊಟ್ಟೆವು. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಯಿತು. ಬ್ಯಾಂಡು ಬಾರಿಸಿದರು, ನಾವೂ ಕುಣಿದೆವು. ತಪ್ಪಿಸಿಕೊಂಡವರಿಗೆಂದು ನಮೂನೆ 53 ಬಂತು. 1999ರ ಹೊತ್ತಿಗೆ ಅದನ್ನೂ ಕೊಟ್ಟೆವು. 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾಯಿತು. ಅದೇ 2018ರಲ್ಲಿ ನಮೂನೆ 57 ಬಂತು, 2005ರ ಜನವರಿ 1ಕ್ಕೆ ಮುಂಚಿನ ಸಾಗುವಳಿದಾರರಿಗೆ. ಕೊಟ್ಟೆವು.

ಸರ್ಕಾರಕ್ಕೆ ಹೊಸ ಜಿಲ್ಲೆ ಕಟ್ಟಲು ಪುರಸೊತ್ತಾಯಿತು. ಹೊಸ ತಾಲ್ಲೂಕು ಮಾಡಲು, ಬೋರ್ಡು ಬರೆಸಲು ಪುರಸೊತ್ತಾಯಿತು. ಹೌದು ಅಥವಾ ಇಲ್ಲ ಎಂದು ಒಂದು ಮಾತು ಬರೆಯಲು ಪುರಸೊತ್ತಾಗಲಿಲ್ಲ. ಅರ್ಜಿಯನ್ನು ತೀರ್ಮಾನಿಸಬೇಕಾದ ಸಮಿತಿಗೆ ಶಾಸಕರು ಅಧ್ಯಕ್ಷರು. ಚುನಾವಣೆ ಬಂದರೆ ಸಮಿತಿ ನಿಲ್ಲುತ್ತದೆ. ಸರ್ಕಾರ ಬದಲಾದರೆ ಸಮಿತಿ ಬದಲಾಗುತ್ತದೆ. ಜಗಳೂರಿನ ರಂಗಯ್ಯನದುರ್ಗದ ಸುತ್ತಿನ ಕಾಡು 2011ರಲ್ಲಿ ಕೊಂಡುಕುರಿಯ ವನ್ಯಧಾಮವಾಯಿತು. ಕೊಂಡುಕುರಿಗೂ ಒಂದು ನೆಲೆ ಬೇಕು, ನಾವು ಬೇಡ ಅನ್ನುವವರಲ್ಲ. ಅದರ ಕಾಗದ ಮುಗಿಯಿತಲ್ಲ, ನಮ್ಮದು ಯಾಕೆ ಮುಗಿಯಲಿಲ್ಲ ಎಂದಷ್ಟೇ ಕೇಳುತ್ತೇವೆ.

ಅರ್ಜಿ ಬಾಕಿಯಿದ್ದಷ್ಟು ಕಾಲ ನಾವು ಕಟ್ಟಿದ್ದೇನು? ಮೊದಲನೆಯದು ಟಿ.ಟಿ. ದಂಡ. ಅಪ್ಪಣೆಯಿಲ್ಲದೆ ಸರ್ಕಾರಿ ನೆಲ ಉತ್ತದ್ದಕ್ಕೆ ಹಾಕುವ ದಂಡ. ಎರಡನೆಯದು ಪಹಣಿ. 2000ದ ಹೊತ್ತಿಗೆ ಪಹಣಿ ಕಂಪ್ಯೂಟರಿಗೆ ಬಂತು, ಪ್ರತಿಗೆ 15 ರೂಪಾಯಿ ಎಂದರು. ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ ಎಂದು ನೋಡಲು ವರ್ಷ ವರ್ಷವೂ ದುಡ್ಡು ಕೊಟ್ಟು ತೆಗೆಸುತ್ತೇವೆ. ‘ಸರ್ಕಾರ’ ಎಂದೇ ಇರುತ್ತದೆ. ಮೂರನೆಯದು ಸ್ಟಾಂಪು, ಜೆರಾಕ್ಸು, ಬಸ್ ಚಾರ್ಜು, ಹೋದ ದಿನದ ಕೂಲಿ. ಇವಕ್ಕೆ ರಶೀದಿ ಇಲ್ಲ. ಮೇಜಿನ ಕೆಳಗೆ ಹೋಗುವುದಕ್ಕಂತೂ ಯಾವ ಕಾಲದಲ್ಲೂ ರಶೀದಿ ಇರಲಿಲ್ಲ.

ಎದುರು ವಾದವನ್ನೂ ಕೇಳಬೇಕು. ಕಾಗದಕ್ಕೆ ಖರ್ಚಿದೆ, ಗುಮಾಸ್ತನಿಗೆ ಸಂಬಳ ಕೊಡಬೇಕು, ಕಚೇರಿ ಪುಕ್ಕಟೆ ನಡೆಯುತ್ತದೆಯೇ ಎನ್ನುತ್ತಾರೆ. ಒಪ್ಪಿದೆವು. ಹಿಟ್ಟಿನ ಗಿರಣಿಗೆ ಜೋಳ ಒಯ್ದರೆ ಬೀಸಿದ್ದಕ್ಕೆ ದುಡ್ಡು ಕೊಡುತ್ತೇವೆ, ತಕರಾರಿಲ್ಲ. ಆದರೆ ಜೋಳ ಮೂವತ್ತು ವರ್ಷ ಬೀಸದೆ ಇಟ್ಟುಕೊಂಡು, ಚೀಲ ಇಟ್ಟ ಜಾಗಕ್ಕೆ ಬಾಡಿಗೆ ಕೊಡು ಎನ್ನುವ ಗಿರಣಿಯವನು ಯಾವ ಊರಲ್ಲಿದ್ದಾನೆ? ಹೀಗೆ ದಿನದ ಲೆಕ್ಕದಲ್ಲಿ ದುಡ್ಡು ಏರುವ ಜಾಗ ನಮಗೆ ಗೊತ್ತಿರುವುದು ಒಂದೇ, ಪಂಚಾಯ್ತಿಯ ದನದ ದೊಡ್ಡಿ. ಕಂಡವರ ಹೊಲ ಮೇಯ್ದ ದನವನ್ನು ಅಲ್ಲಿ ಕೂಡುತ್ತಾರೆ. ಬಿಡಿಸಿಕೊಳ್ಳುವವನು ಕೂಡಿದ ದಿನಗಳಿಗೆಲ್ಲ ಕಟ್ಟಬೇಕು. ಆದರೂ ದೊಡ್ಡಿಗೆ ಒಂದು ನಿಯತ್ತಿದೆ. ದುಡ್ಡು ಕಟ್ಟಿದರೆ ದನ ಆಚೆ ಬರುತ್ತದೆ. ನಾವು ಕಟ್ಟಿದರೆ ನಾಳೆ ಬಾ ಎನ್ನುತ್ತಾರೆ.

ಮಾಡಿದ ಕೆಲಸಕ್ಕೆ ಶುಲ್ಕ ಬೇರೆ, ಮಾಡದ ಕೆಲಸಕ್ಕೆ ಶುಲ್ಕ ಬೇರೆ. ತಡವಾಗುವಷ್ಟೂ ಗಂಟು ಬೆಳೆಯುತ್ತದೆ ಎಂದಾದರೆ, ತಡ ಮಾಡಬೇಡ ಎಂದು ಆ ಕಚೇರಿಗೆ ಯಾರು ಹೇಳಬೇಕು? ಕಾಯುವವನ ಬಡತನವೇ ಅದರ ಆದಾಯವಾಗುತ್ತದೆ. ಕಳ್ಳತನಕ್ಕಿಂತ ಇದು ನಯವಾದದ್ದು, ಯಾಕೆಂದರೆ ಕಳ್ಳ ರಶೀದಿ ಕೊಡುವುದಿಲ್ಲ.

ಇದು ನಮ್ಮ ಬಾಯಿಬಡುಕತನವಲ್ಲ. ಈ ದೇಶದ ಕಾನೂನೇ ಬೇರೆ ಕಡೆ ಇದನ್ನು ಒಪ್ಪಿಕೊಂಡಿದೆ. 2005ರ ಮಾಹಿತಿ ಹಕ್ಕು ಕಾಯಿದೆಯ ಏಳನೇ ಕಲಮು ನೋಡಿ. ಕಚೇರಿ ವಾಯಿದೆ ಮೀರಿದರೆ ಆಮೇಲೆ ಆ ಮಾಹಿತಿಯನ್ನು ಪುಕ್ಕಟೆ ಕೊಡಬೇಕು. ತಡವಾದರೆ ಶುಲ್ಕ ಸಾಯುತ್ತದೆ. ಕರ್ನಾಟಕದ್ದೇ 2011ರ ಸಕಾಲ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಪಟ್ಟಿಯಲ್ಲಿರುವ ಸೇವೆ ಹೊತ್ತಿಗೆ ಸಿಗದಿದ್ದರೆ ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ, ಅರ್ಜಿದಾರನಿಗೆ ಕೊಡಬೇಕು. ಮೊತ್ತ ಚಿಕ್ಕದು. ಆದರೆ ನೀತಿ ದೊಡ್ಡದು. ಕಾಯಿಸಿದವನು ಕಟ್ಟಬೇಕು, ಕಾದವನಲ್ಲ. ಜಾತಿ ಪ್ರಮಾಣಪತ್ರದ ಮೇಜಿನ ಮೇಲೆ ನ್ಯಾಯವಾದದ್ದು ಭೂಮಿಯ ಮೇಜಿನ ಮೇಲೆ ಯಾಕೆ ನ್ಯಾಯವಲ್ಲ?

ಈಗ ಎರಡನೇ ಪ್ರಶ್ನೆ. ಹಾಗಾದರೆ ನಾವು ಯಾಕೆ ಕಟ್ಟುತ್ತೇವೆ?

ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಇದೇ ಮಾತು ಬಂತು. ಕಾಲೇಜು ಓದಿದ ಹುಡುಗನೊಬ್ಬ ಟ್ರಂಕಿನ ಅಜ್ಜಿಯನ್ನು ಕೇಳಿದ. ‘ಯಾಕಜ್ಜಿ ಕಟ್ತೀ? ತಪ್ಪು ಮಾಡ್ದೋರು ದಂಡ ಕಟ್ತಾರೆ. ನೀನೇನು ತಪ್ಪು ಮಾಡೀಯ?’

ಅಜ್ಜಿ ಎಲೆಅಡಿಕೆ ಉಗಿದು ಹೇಳಿದಳು. ‘ತಪ್ಪು ಮಾಡಿಲ್ಲ ಕಣಪ್ಪಾ. ಆದ್ರೆ ಈ ದಂಡದ ಚೀಟಿ ಇಲ್ದಿದ್ರೆ ನಾನು ಈ ಹೊಲ ಉತ್ತೀನಿ ಅಂತ ಯಾರು ಹೇಳ್ತಾರೆ? ಗೌಡ್ರು ಬಂದು ಹೇಳ್ತಾರಾ?’

ಹುಡುಗ ಸುಮ್ಮನಾದ. ನಾವೂ ಸುಮ್ಮನಾದೆವು. ನಮ್ಮನ್ನು ಅಪರಾಧಿ ಎನ್ನುವ ಚೀಟಿಯೇ ನಾವು ಆ ನೆಲದ ಮೇಲೆ ಇದ್ದೆವು ಎನ್ನುವುದಕ್ಕೆ ಸಾಕ್ಷಿ. ದಂಡ ಕಟ್ಟದವನು ಪ್ರಾಮಾಣಿಕ, ಆದರೆ ಅವನಿಗೆ ಪುರಾವೆ ಇಲ್ಲ. ಕಟ್ಟಿದವನು ತಪ್ಪೊಪ್ಪಿಕೊಂಡವನು, ಆದರೆ ಅವನ ಅರ್ಜಿಗೆ ಕಾಲಿದೆ. ದೂರದೇಶದ ಆಶ್ರಯಾರ್ಥಿಗೂ ಇದೇ ಗತಿ. ಕಟ್ಟಿದ ಚೀಟಿ ತೋರಿಸದಿದ್ದರೆ ಅವನ ಅರ್ಜಿಯೇ ಬಿದ್ದುಹೋಗುವ ಭಯ. ಹೀಗಿರುವಾಗ ಕಟ್ಟಬೇಡಿ ಎಂದು ಪಟ್ಟಣದಲ್ಲಿ ಕೂತು ಕರೆ ಕೊಡುವುದು ಸುಲಭ. ಸಂಬಳವಿರುವವನ ಅಸಹಕಾರಕ್ಕೆ ಜೈಲಿನಿಂದಾಚೆಗೂ ಒಂದು ಮನೆ ಇರುತ್ತದೆ. ಅಜ್ಜಿಗೆ ಇರುವುದು ಆ ಎರಡು ಎಕರೆ ಮಾತ್ರ.

ಬಾಬಾಸಾಹೇಬರ ಬದುಕಿನ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಅಮೆರಿಕೆ, ಲಂಡನ್‌ಗಳಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಅವರಿಗೆ ಉಳಿಯಲು ಜಾಗ ಸಿಗಲಿಲ್ಲ. ಪಾರ್ಸಿಗಳ ಒಂದು ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ, ಬಾಡಿಗೆ ಕೊಟ್ಟು ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಕೊಟ್ಟ ಬಾಡಿಗೆ ಅವರನ್ನು ಕಾಯಲಿಲ್ಲ. ಇದನ್ನೂ ಇಂಥ ಬೇರೆ ಅನುಭವಗಳನ್ನೂ ಬರೆದಿಟ್ಟ ಬರಹಕ್ಕೆ ವೀಸಾಕ್ಕಾಗಿ ಕಾಯುವುದು ಎಂಬರ್ಥದ ಹೆಸರಿದೆ. ಹುಟ್ಟಿದ ದೇಶದಲ್ಲೇ ವೀಸಾಕ್ಕೆ ಕಾಯುವವರು ಎಂದು ನಮ್ಮನ್ನು ನಾವು ಅಂದೇ ಗುರುತಿಸಿಕೊಳ್ಳಬೇಕಾಗಿತ್ತು. ದುಡ್ಡು ಕೊಟ್ಟ ಮಾತ್ರಕ್ಕೆ ಜಾಗ ನಮ್ಮದಾಗುವುದಿಲ್ಲ, ಹಕ್ಕು ಎಂದು ಬರೆದುಕೊಡುವವರೆಗೆ ಅದು ದಯೆಯೇ, ದಯೆ ಹನ್ನೊಂದನೇ ದಿನ ತೀರಿಹೋಗುತ್ತದೆ ಎಂಬ ಪಾಠ ಅದರಲ್ಲಿದೆ.

ಆದ್ದರಿಂದ ನಾವು ಹೇಳುವುದು ಇಷ್ಟು. ಕಟ್ಟಿ. ಆದರೆ ಋಣಿಗಳಂತೆ ಕಟ್ಟಬೇಡಿ. ಕೈಮುಗಿದು ಕಟ್ಟಬೇಡಿ. ಆ ರಶೀದಿ ನಮ್ಮ ತಪ್ಪಿನ ಲೆಕ್ಕವಲ್ಲ, ಅವರ ತಡದ ಲೆಕ್ಕ. 1991ರ ಚೀಟಿಯಿಂದ ಇವತ್ತಿನ ಚೀಟಿಯವರೆಗೆ ಜೋಡಿಸಿ ಇಟ್ಟರೆ, ಒಂದು ಸರ್ಕಾರ ಒಂದು ಮಾತು ಹೇಳಲು ಎಷ್ಟು ವರ್ಷ ತೆಗೆದುಕೊಂಡಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಇನ್ನೊಂದು ಮಾತು, ನಮ್ಮವರಿಗೇ. 1960ರ ಹೊತ್ತಿಗೆ ಟಿಬೆಟ್ಟಿನಿಂದ ಓಡಿಬಂದವರಿಗೆ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟಿತು. ‘ಪರದೇಶಿಗಳಿಗೆ ಕೊಟ್ಟರು, ನಮಗೆ ಕೊಡಲಿಲ್ಲ’ ಎಂದು ಕರುಬುವ ಮಾತು ನಮ್ಮಲ್ಲೂ ಕೇಳಿಬರುತ್ತದೆ. ಆ ಮಾತು ತಪ್ಪು. ಸರ್ಕಾರಕ್ಕೆ ಮನಸ್ಸಿದ್ದರೆ ಸಾವಿರಾರು ಎಕರೆ ಕೊಡಬಹುದು ಎಂಬುದಕ್ಕೆ ಬೈಲುಕುಪ್ಪೆ ಸಾಕ್ಷಿ. ಅವರಿಗೆ ಕೊಟ್ಟದ್ದು ಅನ್ಯಾಯವಲ್ಲ, ನಮಗೆ ಕೊಡದ್ದು ಅನ್ಯಾಯ. ಆಶ್ರಯ ಕೇಳುವುದು ಮನುಷ್ಯನ ಹಕ್ಕು ಎಂದು 1948ರ ಮಾನವ ಹಕ್ಕುಗಳ ಘೋಷಣೆಯ 14ನೇ ವಿಧಿಯಲ್ಲಿ ಬರೆದಿದೆ. ಕೇಳುವ ಹಕ್ಕಿಗೆ ವರ್ಷಾವರಿ ಬಾಡಿಗೆ ಹಾಕಿದರೆ ಅದು ಉಳ್ಳವರ ಹಕ್ಕಾಗುತ್ತದೆ. ಅಮೆರಿಕೆಯ ಸಾಲಿನಲ್ಲಿ ನಿಂತವನ ಪರವಾಗಿ ಮಾತಾಡದೆ ನಮ್ಮ ಸಾಲಿನ ಬಗ್ಗೆ ಮಾತ್ರ ಮಾತಾಡಿದರೆ ನಮ್ಮ ನ್ಯಾಯ ಅರ್ಧ ನ್ಯಾಯ.

ಮುಂದಿನ ಸಲ ಕಚೇರಿಗೆ ಹೋಗುವಾಗ ಟ್ರಂಕಿನ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗೋಣ. ಒಬ್ಬೊಬ್ಬರೇ ಬೇಡ, ಹತ್ತು ಜನ ಕೂಡಿ ಹೋಗೋಣ. ಅರ್ಜಿ ಯಾವ ಮೇಜಿನ ಮೇಲೆ, ಯಾವ ಕಾರಣಕ್ಕೆ, ಯಾವತ್ತಿನಿಂದ ನಿಂತಿದೆ ಎಂದು ಬರಹದಲ್ಲಿ ಹಿಂಬರಹ ಕೇಳೋಣ. ಬಾಯಿಮಾತು ಬೇಡ. ಕೊಡುವುದಿಲ್ಲ ಎಂದರೆ ಕೊಡುವುದಿಲ್ಲ ಎಂದಾದರೂ ಬರೆದುಕೊಡಲಿ. ಇಷ್ಟು ವರ್ಷ ರಶೀದಿ ಪಡೆದವರು ನಾವು, ಈಗ ಉತ್ತರವನ್ನೂ ಪಡೆಯಬೇಕು.