ಬೆಟ್ಟದ ಬುಡದ ಎರಡು ಊರುಗಳು

(ಓದತಕ್ಕ ಭಾಗ: ಯೋಹಾನನ ಸುವಾರ್ತೆ, 6ನೇ ಅಧ್ಯಾಯ)



ಅಯರ್ಲೆಂಡ್ ದೇಶದ ಪಶ್ಚಿಮ ತೀರದಲ್ಲಿ ಅಕಿಲ್ ಎಂಬ ದ್ವೀಪವುಂಟು. ಅಲ್ಲಿ ಸ್ಲೀವ್‌ಮೋರ್, ಅಂದರೆ ದೊಡ್ಡ ಬೆಟ್ಟವೆಂಬದು, 671 ಮೀಟರ್ ಎತ್ತರವಾಗಿ ಅಟ್ಲಾಂಟಿಕ್ ಮಹಾಸಾಗರಕ್ಕೆ ಎದುರಾಗಿ ನಿಂತಿರುವದು. ಅಲ್ಲಿ ಬಂಡೆಯೂ ಜವುಗು ನೆಲವೂ ಬಹಳ. ಬೆಳೆಯುವ ಭೂಮಿಯು ಕೊಂಚ. ಪೂರ್ವದಲ್ಲಿ ಬಡವರು ಆಲೂಗಡ್ಡೆಯೊಂದನ್ನೇ ನಂಬಿ ಜೀವಿಸುತ್ತಿದ್ದರು.

1831ರಲ್ಲಿ ಎಡ್ವರ್ಡ್ ನ್ಯಾಂಗಲ್ ಎಂಬ ಪ್ರಾಟೆಸ್ಟಂಟ್ ಪಾದ್ರಿಗಳು ಬರಗಾಲದ ಪರಿಹಾರಕ್ಕಾಗಿ ಬಂದ ಹಡಗಿನೊಂದಿಗೆ ಈ ದ್ವೀಪವನ್ನು ಮೊದಲು ಕಂಡರು. ತರುವಾಯ ಬೆಟ್ಟದ ಬುಡದ ಡೂಗರ್ಟ್ ಎಂಬಲ್ಲಿ ಮನೆಗಳನ್ನೂ ಶಾಲೆಯನ್ನೂ ಅನಾಥಾಲಯವನ್ನೂ ಕಟ್ಟಿಸಿದರು. ಅಚ್ಚಿನ ಯಂತ್ರವನ್ನು ತರಿಸಿ 1837ರಿಂದ ಒಂದು ಪತ್ರಿಕೆಯನ್ನೂ ಹೊರಡಿಸಿದರು.

1845ರಲ್ಲಿ ಆಲೂಗಡ್ಡೆಗೆ ಕೊಳೆರೋಗ ತಗಲಿತು. ಮುಂದಿನ ಕೆಲವು ವರುಷಗಳಲ್ಲಿ ಆ ದೇಶದೊಳಗೆ ಸುಮಾರು 10 ಲಕ್ಷ ಜನರು ಸತ್ತರು. ಹೆಚ್ಚುಕಡಿಮೆ ಅಷ್ಟೇ ಮಂದಿ ಹಡಗು ಹತ್ತಿ ಪರದೇಶಕ್ಕೆ ಹೋದರು. ಆಗ ಮಿಶನಿನವರು ತಮ್ಮ ಶಾಲೆಗಳಿಗೆ ಬಂದ ಮಕ್ಕಳಿಗೆ ಆಹಾರ ಕೊಟ್ಟರು. ಶಾಲೆಗಳು ತುಂಬಿದವು. ಇವರು ಹಸಿದವರ ಆತ್ಮಗಳನ್ನು ಅನ್ನಕ್ಕೆ ಕೊಳ್ಳುತ್ತಾರೆಂದು ರೋಮನ್ ಕಥೋಲಿಕರು ದೂರಿದರು; ಹಾಗಲ್ಲವೆಂದು ಮಿಶನಿನವರು ಹೇಳಿದರು. ಬರವು ತೀರಿದ ಮೇಲೆ ಬಂದವರಲ್ಲಿ ಅನೇಕರು ಹಿಂದಿನ ಸಭೆಗೇ ಮರಳಿದರು. ಆ ಶತಮಾನ ಮುಗಿಯುವದರೊಳಗೆ ಮಿಶನಿನ ಕೆಲಸವೂ ಕ್ಷೀಣಿಸಿತು.

ಅದೇ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ ಇನ್ನೊಂದು ಊರುಂಟು. ಅಲ್ಲಿ 80ಕ್ಕೆ ಕಡಿಮೆಯಿಲ್ಲದ ಕಲ್ಲಿನ ಮನೆಗಳು ಸೂರಿಲ್ಲದೆ ಸಾಲಾಗಿ ನಿಂತಿವೆ. ಆಲೂಗಡ್ಡೆ ನೆಟ್ಟ ಏರಿಗಳು ಹುಲ್ಲಿನ ಕೆಳಗೆ ಈಗಲೂ ಕಾಣುತ್ತವೆ. ನೆಟ್ಟ ಕೈಗಳು ಮಾತ್ರ ಇಲ್ಲ.

ಸಹೋದರರೇ, ಈ ಸಂಗತಿಯನ್ನು ನಾವು ಪರರ ಕಥೆಯೆಂದು ಓದಬಾರದು. 1876–78ರ ದೊಡ್ಡ ಬರದಲ್ಲಿ ಗಂಜಿಗಾಗಿ ಮಿಶನಿನ ಬಾಗಿಲಿಗೆ ಬಂದವರ ಸಂತತಿಯವರು ನಮ್ಮ ನಾಡಿನ ಸಭೆಗಳಲ್ಲಿಯೂ ಇದ್ದಾರೆ. ಅನ್ನಕ್ಕಾಗಿ ಕುಲ ಬಿಟ್ಟವರೆಂದು ನೆರೆಯವರು ಹಂಗಿಸಿದರೆ ನಮ್ಮ ತಲೆ ತಗ್ಗುತ್ತದೆ. ಯಾಕೆ ತಗ್ಗಬೇಕು? ಹಸಿವು ಪಾಪವಲ್ಲ. ಕರ್ತನು ಗುಡ್ಡದ ಮೇಲೆ ಐದು ಸಾವಿರ ಮಂದಿಯನ್ನು ಉಣ್ಣಿಸುವಾಗ ಯಾರ ನಂಬಿಕೆಯನ್ನೂ ಮೊದಲು ಪರೀಕ್ಷಿಸಲಿಲ್ಲ. ಮರುದಿನವಾದರೋ, ರೊಟ್ಟಿಗಾಗಿಯೇ ಹುಡುಕಿ ಬಂದವರಿಗೆ ಅಳಿಯದ ಆಹಾರವನ್ನು ತೋರಿಸಿದನು. ಅನೇಕರು ಬಿಟ್ಟುಹೋದರು, ಆತನು ಅವರನ್ನು ಬಲವಂತವಾಗಿ ತಡೆಯಲಿಲ್ಲ.

ಆದದರಿಂದ ನಾವು ಎರಡು ಮಾತುಗಳನ್ನು ಹೃದಯದಲ್ಲಿ ಇಟ್ಟುಕೊಳ್ಳುವ. ಕೊಡುವವರಾದರೆ, ಬೆಲೆ ಕೇಳದೆ ಕೊಡುವ. ಹಸಿದವನ ತಟ್ಟೆಯ ಪಕ್ಕದಲ್ಲಿ ಸಭೆಯ ದಫ್ತರವನ್ನು ತೆರೆದಿಡಬಾರದು. ಹೊಂದಿದವರಾದರೆ, ನಮ್ಮ ಹಿರಿಯರು ಯಾವದಕ್ಕೆ ಬಂದರೆಂದು ನಾಚದೆ, ನಾವು ಯಾವದಕ್ಕೆ ಉಳಿದಿದ್ದೇವೆಂದು ನಮ್ಮನ್ನೇ ವಿಚಾರಿಸಿಕೊಳ್ಳುವ. ಗಂಜಿಯ ಪಾತ್ರೆ ಬರಿದಾದ ದಿನವೂ ಆತನ ಬಳಿಯಲ್ಲಿ ನಿಲ್ಲುವ ಕೃಪೆಯನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.