ಬೆಲೆ ಬರೆಯದ ಊಟ

ಪರದೇಶಕ್ಕೆ ಹೋದ ಮೊದಲ ದಿನಗಳಲ್ಲಿ ತಲೆಯೊಳಗಿನ ಮಗ್ಗಿ ನಿಲ್ಲುವುದೇ ಇಲ್ಲ. 2024ರಲ್ಲಿ ವಿಚಾರ ಸಂಕಿರಣಕ್ಕೆಂದು ಐದು ದಿನ ವಿಯೆನ್ನಾದಲ್ಲಿದ್ದಾಗ ನನ್ನದು 90ರ ಮಗ್ಗಿ. ಒಂದು ಯೂರೋ ಎಂದರೆ ಸುಮಾರು 90 ರೂಪಾಯಿ. ನಾಲ್ಕು ಯೂರೋದ ಕಾಫಿ 360 ರೂಪಾಯಿ. ಅಷ್ಟರಲ್ಲಿ ನಮ್ಮ ಹಾಸ್ಟೆಲ್ ಎದುರಿನ ಕ್ಯಾಂಟೀನಿನಲ್ಲಿ ಒಂದು ವಾರ ತಿಂಡಿ ತಿನ್ನಬಹುದು. ಹಾಗಾಗಿ ಕಾಫಿ ಬೇಡ.

ಕಾಸಿಲ್ಲದವರನ್ನೂ ಆ ಊರು ಚೆನ್ನಾಗಿಯೇ ನೋಡಿಕೊಳ್ಳುತ್ತದೆ. ಆಲ್ಪ್ಸ್ ಬೆಟ್ಟಗಳ ಬುಗ್ಗೆಯ ನೀರು 1873ರಿಂದ ಕೊಳವೆಯಲ್ಲಿ ಹರಿದು ಬರುತ್ತಿದೆ, ಬಾಟಲಿ ಕೊಳ್ಳಬೇಕಿಲ್ಲ. 71ನೇ ನಂಬರಿನ ಟ್ರಾಮ್ ಹತ್ತಿದರೆ ಬೀಥೋವನ್, ಶೂಬರ್ಟ್ ಮಲಗಿರುವ ಸ್ಮಶಾನ, ಪ್ರವೇಶಕ್ಕೆ ದುಡ್ಡಿಲ್ಲ. ನಗರದ ಚರಿತ್ರೆ ಹೇಳುವ ವೀನ್ ಮ್ಯೂಸಿಯಂನ ಶಾಶ್ವತ ಪ್ರದರ್ಶನವೂ ಆಗ ಉಚಿತವಾಗಿತ್ತು. ಇವನ್ನೆಲ್ಲ ನೋಡಿ ಮುಗಿಸಿ, ನಾನು ಜಾಣ ಎಂದುಕೊಂಡೆ.

ಜಾಣತನಕ್ಕೆ ಪರೀಕ್ಷೆ ಎದುರಾದದ್ದು ಊಟದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ‘ವೀನರ್ ದೀವಾನ್’ ಎಂಬ ಪಾಕಿಸ್ತಾನಿ ಹೋಟೆಲ್ಲಿದೆ. 2005ರಲ್ಲಿ ಶುರುವಾದದ್ದು. ಬೇಕಾದಷ್ಟು ಬಡಿಸಿಕೊಂಡು ಉಣ್ಣಬಹುದು, ಎಷ್ಟು ಕೊಡಬೇಕೆಂಬುದು ಉಂಡವರಿಗೇ ಬಿಟ್ಟದ್ದು. ಮೂರು ದಿನ ಬ್ರೆಡ್ಡು, ಬಾಳೆಹಣ್ಣಿನಲ್ಲಿ ಕಳೆದಿದ್ದ ನಾನು ಅನ್ನ, ಬೇಳೆ ಕಂಡು ಮೂರು ಸಲ ತಟ್ಟೆ ತುಂಬಿಸಿಕೊಂಡೆ. ಕೌಂಟರಿನತ್ತ ಹೋಗುವಾಗ ಮಗ್ಗಿ ಮತ್ತೆ ಶುರುವಾಯಿತು. ಮೂರು ಯೂರೋ ಅಂದರೆ 270 ರೂಪಾಯಿ. ಅನ್ನ ಸಾರಿಗೆ ಅಷ್ಟು ಸಾಲದೇ? ಕೊಟ್ಟೆ. ಅಲ್ಲಿದ್ದವರು ನಾಣ್ಯ ಎಣಿಸದೆ ನಕ್ಕು ಥ್ಯಾಂಕ್ಸ್ ಹೇಳಿದರು. ನಾನು ಅವರ ಮುಖ ನೋಡಲಿಲ್ಲ.

ಮರುದಿನ ಬ್ರೂಗೆಲ್‌ನ ‘ಬೇಬೆಲ್ ಗೋಪುರ’ ನೋಡಲು ಕಲಾ ಸಂಗ್ರಹಾಲಯದಲ್ಲಿ ಇಪ್ಪತ್ತು ಯೂರೋಗಿಂತ ಹೆಚ್ಚು ತೆತ್ತೆ. ಬೆಲೆ ಬರೆದಿತ್ತು, ಕೊಟ್ಟೆ. ಮಗ್ಗಿ ಬಾಯಿ ಮುಚ್ಚಿಕೊಂಡಿತ್ತು. ಚಿತ್ರದ ಮುಂದೆ ನಿಂತಾಗ ಹೊಳೆಯಿತು: ನನ್ನನ್ನು ನಂಬದ ಟಿಕೆಟ್ ಕಿಟಕಿಗೆ ಪೂರ್ತಿ ದುಡ್ಡು, ನಂಬಿದ ಅಡುಗೆಯವರಿಗೆ ಚಿಲ್ಲರೆ. ಇದು ಯಾವ ನ್ಯಾಯ?

ಸಮರ್ಥನೆಗಳಿಗೇನೂ ಬರವಿರಲಿಲ್ಲ. ನನ್ನ ಫೆಲೋಶಿಪ್ ಬರುವುದು ರೂಪಾಯಿಯಲ್ಲಿ. ಔದಾರ್ಯವನ್ನು ಕೊಟ್ಟ ಮೊತ್ತದಿಂದಲ್ಲ, ಕೊಡುವವನ ಶಕ್ತಿಯಿಂದ ಅಳೆಯಬೇಕೆಂದು ಅರಿಸ್ಟಾಟಲನೂ ಹೇಳುತ್ತಾನೆ. ಧರ್ಮಸ್ಥಳದಲ್ಲಿ ಉಂಡೆದ್ದವರನ್ನು ಯಾರಾದರೂ ಕಾಸು ಕೇಳುತ್ತಾರೆಯೇ? ಆದರೆ ಅಲ್ಲಿನ ಊಟದ ಹಿಂದೆ ಸಾವಿರಾರು ಭಕ್ತರ ಕಾಣಿಕೆಯಿದೆ. ಈ ಹೋಟೆಲಿನ ಬಾಡಿಗೆ, ಸಂಬಳ, ಈರುಳ್ಳಿಯ ಖರ್ಚೆಲ್ಲ ಉಂಡವರ ಕೈಯಿಂದಲೇ ಬರಬೇಕು. ಎಲ್ಲರೂ ನಿನ್ನಂತೆಯೇ ಮಾಡಿದರೆ ಏನಾದೀತು ಎಂಬ ಕಾಂಟ್‌ನ ಪ್ರಶ್ನೆಗೆ ಉತ್ತರ ಸುಲಭ: ಹೋಟೆಲ್ ಮುಚ್ಚುತ್ತದೆ.

ಹಾಗೆಂದು ಮೂರು ಯೂರೋ ಕೊಡುವುದೇ ತಪ್ಪೆನ್ನಲಾರೆ. ಉಳ್ಳವರು ಹೆಚ್ಚು ಕೊಟ್ಟು ಇಲ್ಲದವರು ಕಡಿಮೆ ಕೊಡಲು ಅಲ್ಲಿ ದಾರಿಯಿದೆ. ಕೈಯಲ್ಲಿ ಅಷ್ಟೇ ಇರುವವರಿಗೆ ಮೂರು ಯೂರೋ ನ್ಯಾಯವಾದ ಬೆಲೆಯೇ. ನಾನು ಎಡವಿದ್ದು ಬೇರೆ ಕಡೆ. ‘ನನ್ನಿಂದ ಎಷ್ಟು ಕೊಡಲಾದೀತು’ ಎಂದು ಕೇಳಿಕೊಳ್ಳುವ ಬದಲು ‘ಎಷ್ಟು ಕಡಿಮೆ ಕೊಟ್ಟು ಹೊರಬೀಳಬಹುದು’ ಎಂದು ಕೇಳಿಕೊಂಡಿದ್ದೆ. ಎರಡಕ್ಕೂ ಉತ್ತರ ಮೂರೇ ಇದ್ದೀತು. ಆದರೂ ಅವು ಬೇರೆ ಬೇರೆ ಪ್ರಶ್ನೆಗಳು.

ವ್ಯತ್ಯಾಸ ತಿಳಿಯುವುದು ಹೇಗೆ? ನನಗೆ ತೋಚಿದ ಗುರುತು ಒಂದೇ: ಮನಸ್ಸಿನಲ್ಲಿರುವ ಕಾರಣವನ್ನು ಎದುರಿಗಿರುವವರಿಗೆ ಬಾಯಿಬಿಟ್ಟು ಹೇಳಬಹುದೇ? ‘ನಾನು ವಿದ್ಯಾರ್ಥಿ, ಇಷ್ಟೇ ಇದೆ’ ಎಂದು ಹೇಳಬಹುದು. ‘ನಮ್ಮೂರಲ್ಲಿ ಅನ್ನ ಸಾರಿಗೆ ಇಷ್ಟೇ’ ಎಂದು ಆ ಊರಲ್ಲಿ ಬೇಯಿಸಿ ಬದುಕುವವರಿಗೆ ಹೇಳಲು ನಾಲಗೆ ಬರುವುದಿಲ್ಲ. ಅದಕ್ಕೇ ಅವರ ಮುಖ ನೋಡಿರಲಿಲ್ಲ.

ಕಾಫಿ ಬಿಟ್ಟದ್ದು ಮಿತವ್ಯಯ. ಕಾಫಿಯಿಲ್ಲದ ಬೆಳಗನ್ನು ಅನುಭವಿಸಿದವನು ನಾನೇ. ಆ ಮೂರು ಯೂರೋದ ಊಟದಲ್ಲಿ ಉಳಿತಾಯ ನನ್ನದು, ನಷ್ಟ ಮತ್ತೊಬ್ಬರದು. ಇದಕ್ಕೂ ಮಿತವ್ಯಯವೆಂದೇ ಹೆಸರಿಟ್ಟುಕೊಂಡಿದ್ದೆ.

ಕೊನೆಯ ಸಂಜೆ ಮತ್ತೆ ಅಲ್ಲಿಗೇ ಹೋದೆ. ಹೊರಗೆ ಹೊಟ್ಟೆ ತುಂಬಬೇಕಾದರೆ ಏಳೆಂಟು ಯೂರೋ ಆಗುತ್ತಿತ್ತು; ಏಳು ಎಂದು ಉಣ್ಣುವ ಮೊದಲೇ ನಿಶ್ಚಯಿಸಿಕೊಂಡೆ. ಕೊಟ್ಟಾಗ ಅವರು ಈ ಸಲವೂ ಎಣಿಸಲಿಲ್ಲ, ಅದೇ ನಗು. ನಾನೂ ನಕ್ಕೆ. ಮೊದಲ ದಿನದ ನಾಲ್ಕು ಯೂರೋ ಮಾತ್ರ ಇನ್ನೂ ಬಾಕಿಯಿದೆ.